ತಂಗಿಯ ಪಾಯಸಕ್ಕೆ ನಾನು ಬೆರೆಸಿದ ಹಾಲು

ನಮ್ಮದು ಮಾಂಸ ತಿನ್ನುವ ಮನೆಯಲ್ಲ. ಹಾಗಾಗಿ ನನ್ನ ತಂಗಿ ಏನನ್ನೋ ತಿನ್ನುವುದು ಬಿಟ್ಟಿದ್ದಾಳೆ ಅಂದಾಗ ಓಣಿಯವರಿಗೆ ಮೊದಲು ಅರ್ಥವೇ ಆಗಲಿಲ್ಲ. ಮಾಂಸ ತಿನ್ನುವ ಮನೆಯ ಹುಡುಗಿ ಅದನ್ನು ಬಿಟ್ಟರೆ ನಮ್ಮ ಕಡೆ ಹೊಗಳುತ್ತಾರೆ. ನನ್ನ ತಂಗಿ ಬಿಟ್ಟದ್ದು ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ. ಎಮ್ಮೆ ಕಟ್ಟಿದ ಮನೆಯಲ್ಲಿ ಹುಟ್ಟಿ ಹಾಲು ಬಿಟ್ಟವಳಿಗೆ ಏನನ್ನಬೇಕು ಅಂತ ಯಾರಿಗೂ ತಿಳಿಯಲಿಲ್ಲ. ಎದುರುಮನೆಯ ಅಜ್ಜಿ ಮಾತ್ರ ಕಟ್ಟೆಯ ಮೇಲೆ ಕೂತು, "ಹಾಲು ಬಿಟ್ಟಾಳಂತ, ಇನ್ನ ನೀರೂ ಬಿಟ್ಟಳಂದ್ರ ಮಠದಾಗ ಗದ್ದಿಗಿ ಕಟ್ಟಿಬಿಡೋಣು" ಅಂದಿದ್ದಳು. ನಾನೂ ನಕ್ಕಿದ್ದೆ.

ಯಲಬುರ್ಗಾ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಅಪ್ಪನಿಗೆ ನಾವಿಬ್ಬರೇ, ಇಬ್ಬರೂ ಹೆಣ್ಣುಮಕ್ಕಳು. ನಾನು ದೊಡ್ಡವಳು. ಐದನೆಯ ತರಗತಿ ಮುಗಿಸಿದ ಮೇಲೆ ನನ್ನನ್ನು ಸಾಲಿ ಬಿಡಿಸಿದರು. ಅವ್ವನಿಗೆ ಆಗ ಸೊಂಟದ ನೋವು ಶುರುವಾಗಿತ್ತು, ಕೂತು ಹಿಂಡುವುದು ಆಗುತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೂ ನಮ್ಮ ಮನೆಯ ಎಮ್ಮೆಗಳನ್ನು ಹಿಂಡುವವಳು ನಾನೇ. ನನ್ನನ್ನು ಬೇರೆ ಊರಿಗೆ ಕೊಡಲಿಲ್ಲ, ನನ್ನ ಗಂಡನೇ ಮನೆ ಅಳಿಯನಾಗಿ ಬಂದ. ತಂಗಿ ನನಗಿಂತ ಬಹಳ ಚಿಕ್ಕವಳು. ಅವಳು ಓದಿನಲ್ಲಿ ಚುರುಕು. ಕೊಪ್ಪಳದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮಾಡಿದಳು. ಅವಳ ಫೀಸು, ಬಸ್ ಪಾಸು, ಬಟ್ಟೆ ಎಲ್ಲ ಡೇರಿಗೆ ಹಾಕಿದ ಹಾಲಿನಿಂದಲೇ ನಡೆಯಿತು. ಅದನ್ನು ಅವಳು ಎಂದೂ ಮರೆತಿಲ್ಲ. ಮರೆಯದೆ ಇದ್ದವಳು ಹಾಲು ಬಿಟ್ಟಳಲ್ಲ, ಅದು ನನ್ನ ಮನಸ್ಸಿಗೆ ಹತ್ತಿತು.

ಬಿಟ್ಟದ್ದು ಹೀಗೆ. ಅವಳು ಕಾಲೇಜಿನ ರಜೆಗೆ ಬಂದಿದ್ದಳು. ನಮ್ಮ ಹಿರಿಯ ಎಮ್ಮೆ ಈದು, ಕರು ಹೆಚ್ಚು ದಿನ ಉಳಿಯದೆ ಸತ್ತಿತ್ತು. ಕರು ಮುಂದೆ ಇಲ್ಲದಿದ್ದರೆ ಆ ಎಮ್ಮೆ ಹಾಲು ಇಳಿಸುತ್ತಿರಲಿಲ್ಲ, ಕಾಲು ಎತ್ತಿ ಒದೆಯುತ್ತಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಹಿಂದಿನವರು ಮಾಡುತ್ತಿದ್ದ ಕೆಲಸವನ್ನೇ ಅಪ್ಪ ಮಾಡಿದ. ಸತ್ತ ಕರುವಿನ ತೊಗಲು ಬಿಡಿಸಿ ತಂದು, ಒಣಗಿಸಿ, ಒಳಗೆ ಹೊಟ್ಟು ತುಂಬಿ ಹೊಲಿಸಿದ. ಅದಕ್ಕೆ ಕಾಲು ಇರಲಿಲ್ಲ, ತಲೆಯ ಕಡೆ ಎರಡು ಕಿವಿ ಇದ್ದವು. ಹಿಂಡುವ ಹೊತ್ತಿಗೆ ಉಪ್ಪುನೀರು ಚಿಮುಕಿಸಿ ಎಮ್ಮೆಯ ಮೂತಿಯ ಹತ್ತಿರ ಹಿಡಿಯಬೇಕು. ಎಮ್ಮೆ ಮೂಸುತ್ತದೆ, ನೆಕ್ಕುತ್ತದೆ, ಹಾಲು ಇಳಿಸುತ್ತದೆ. ಹಿಡಿಯಲು ಒಬ್ಬರು ಬೇಕು. ಅಪ್ಪ ಹೊಲಕ್ಕೆ ಹೋಗಿದ್ದ ದಿನ ನಾನು ತಂಗಿಯನ್ನು ಕರೆದೆ. ಅವಳು ಹಿಡಿದು ನಿಂತಳು. ಎಮ್ಮೆ ಆ ತೊಗಲನ್ನು ನೆಕ್ಕಿತು, ಹಿಡಿದ ಅವಳ ಕೈಯನ್ನೂ ನೆಕ್ಕಿತು, ಸಣ್ಣಗೆ ದನಿ ತೆಗೆದು ಕರೆಯಿತು. ನಾನು ಚರಿಗೆ ತುಂಬ ಹಿಂಡಿದೆ.

ಆ ಸಂಜೆ ಅವಳು ಚಹಾ ಬೇಡ ಅಂದಳು. ಮರುದಿನ ಮೊಸರು ಬೇಡ ಅಂದಳು. ಯಾರೊಡನೆಯೂ ವಾದ ಮಾಡಲಿಲ್ಲ, ಯಾರಿಗೂ ಬಿಡಿರಿ ಅನ್ನಲಿಲ್ಲ.

"ಎಮ್ಮಿ ನಿನಗೇನ ಅಂತು?" ಅಂತ ಅಪ್ಪ ಕೇಳಿದ.

"ನನಗೇನೂ ಅನ್ನಲಿಲ್ಲಪ. ಅದು ಕರಾನ್ನ ನೆಕ್ಕತಿತ್ತು."

"ಅದು ಕರು ಅಲ್ಲ ಅಂತ ನಿನಗ ಗೊತ್ತಿಲ್ಲೇನು?"

"ನನಗ ಗೊತ್ತೈತಿ. ಅದಕ್ಕ ಗೊತ್ತಿರಲಿಲ್ಲ."

ಅಪ್ಪ ಎದ್ದು ಹೋದ. ಅವ್ವ ಅಷ್ಟಕ್ಕೆ ಬಿಡುವವಳಲ್ಲ. ತಂಗಿ ಊಟಕ್ಕೆ ಕೂತಾಗ ಹಿಂದಿನಿಂದ ಬಂದು ಅನ್ನದ ಮೇಲೆ ಮೊಸರು ಸುರಿದುಬಿಡುತ್ತಿದ್ದಳು. ತಂಗಿ ಆ ತಾಟನ್ನು ನನ್ನ ಕಡೆ ಸರಿಸಿ ಬೇರೆ ತಾಟು ತರುತ್ತಿದ್ದಳು. "ಹಾಲು ಕುಡಿಯಲಾರದ ಮುಖ ಹೆಂಗಾಗೇತಿ ನೋಡು, ಒಣಗಿದ ಬದನಿಕಾಯಿ" ಅಂತ ಅವ್ವ ಅನ್ನುವಳು. "ಬದನಿಕಾಯಿ ಎಣ್ಣೆಗಾಯಿ ಆದ್ರ ಎಲ್ಲಾರೂ ತಿಂತಾರ ತಗೊ" ಅಂತ ತಂಗಿ ಅನ್ನುವಳು. ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಹಸಿ ಉಳ್ಳಾಗಡ್ಡಿ. ನೋಡಿದರೆ ನಮ್ಮ ಊಟದಲ್ಲಿ ಅವಳು ಬಿಟ್ಟದ್ದಕ್ಕಿಂತ ಉಳಿದದ್ದೇ ಹೆಚ್ಚು. ಆದರೂ ಮನೆಯಲ್ಲಿ ದಿನವೂ ಅದೇ ಮಾತು.

ನಾನೊಬ್ಬಳು ಅವಳಿಗೆ ಏನೂ ಅನ್ನಲಿಲ್ಲ. ಸಾರಿಗೆ ಬೆಣ್ಣೆ ಹಾಕುವ ಮೊದಲೇ ಅವಳ ಪಾಲಿನ ಒಂದು ಬಟ್ಟಲು ತೆಗೆದಿಡುತ್ತಿದ್ದೆ. ಹೋಳಿಗೆಯ ದಿನ ಅವಳ ಹೋಳಿಗೆಗೆ ತುಪ್ಪ ಮುಟ್ಟಿಸುತ್ತಿರಲಿಲ್ಲ. "ನಮ್ಮ ಮನ್ಯಾಗ ನನ್ನ ಮಾತು ತಿಳಕೊಂಡಾಕಿ ಅಂದ್ರ ಅಕ್ಕ ಒಬ್ಬಾಕಿನ" ಅಂತ ಅವಳು ಗೆಳತಿಯರ ಮುಂದೆ ಹೇಳುತ್ತಿದ್ದಳು. ನಾನು ತಿಳಿದುಕೊಂಡಿರಲಿಲ್ಲ. ಸುಮ್ಮನಿದ್ದೆ, ಅಷ್ಟೇ. ಒಳಗೆ ನನಗೆ ಅನಿಸುತ್ತಿದ್ದದ್ದು ಬೇರೆ. ಬೆಳಗೆದ್ದು, ಸೆಗಣಿ ಬಾಚಿ, ಮೈ ತೊಳೆಸಿ, ಬೆರಳು ಸೆಟೆಯುವವರೆಗೆ ಹಿಂಡಿ ತಂದ ಹಾಲನ್ನು ನನ್ನ ತಂಗಿ ನೋಡಿ ಮುಖ ತಿರುಗಿಸುತ್ತಾಳೆ. ಅಂದರೆ ಇಷ್ಟು ವರ್ಷ ನಾನು ಮಾಡಿದ್ದು ತಪ್ಪು ಕೆಲಸವೇ? ಹೀಗೆ ಅವಳನ್ನು ಕೇಳಿದ್ದರೆ ಅವಳು ಏನಾದರೂ ಉತ್ತರ ಕೊಡುತ್ತಿದ್ದಳು. ನಾನು ಕೇಳಲಿಲ್ಲ.

ಅಪ್ಪ ತೀರಿಕೊಂಡ ಮರುವರ್ಷ ಅವಳಿಗೆ ಗಂಗಾವತಿಯಲ್ಲಿ ಮದುವೆಯಾಯಿತು. ಕಾಲುವೆ ಕೆಳಗೆ ನೆಲ್ಲಿನ ಗದ್ದೆ ಇರುವ ಮನೆ. ಗಂಡನಿಗೆ ಬೀಜ ಗೊಬ್ಬರದ ಅಂಗಡಿ. ಹಾಲಿನ ವಿಷಯವನ್ನು ಹುಡುಗ ನೋಡಲು ಬಂದ ದಿನವೇ ಅವಳು ಅವನಿಗೆ ಹೇಳಿದ್ದಳು. ಅವನು, "ನನಗೇನೂ ಅಡ್ಡಿಯಿಲ್ಲ, ಅವ್ವಗ ನಿಧಾನಕ ಹೇಳೂಣು" ಅಂದನಂತೆ. ಆ ನಿಧಾನ ಬರುವ ಮೊದಲೇ ಅತ್ತೆಗೆ ಗೊತ್ತಾಯಿತು. ಹೊಸ ಸೊಸೆ ಮಜ್ಜಿಗೆ ಮುಟ್ಟದಿದ್ದರೆ ಎಷ್ಟು ದಿನ ಮುಚ್ಚಿಡಲು ಬರುತ್ತದೆ? ಅತ್ತೆ ಗಟ್ಟಿ ಹೆಂಗಸು, ಮಾತು ಖಡಕ್. ಅನ್ನುವುದನ್ನೆಲ್ಲ ಮುಖದ ಮುಂದೆಯೇ ಅನ್ನುವವಳು.

ತಂಗಿ ಬಸುರಿಯಾದಾಗ ಆ ಮಾತು ಜೋರಾಯಿತು. ಕುಬಸ, ಅಂದರೆ ಸೀಮಂತ, ಮಾಡಿ ಕರೆತರಲು ನಾವು ಗಂಗಾವತಿಗೆ ಹೋಗಿದ್ದೆವು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಊಟಕ್ಕೆ ಕೂತಾಗ ಅವಳ ಅತ್ತೆ ಎಲ್ಲರ ಎದುರಿಗೇ ಶುರುಮಾಡಿದಳು.

"ಅಕ್ಕಾರ, ನಿಮ್ಮ ಮಗಳಿಗೆ ನೀವರ ಹೇಳ್ರಿ. ಹಾಲು ಕುಡಿಯಲಾರದಾಕಿ ಎದಿಯಾಗ ಹಾಲು ಎಲ್ಲಿಂದ ಬರತಾವ?"

"ಹೇಳಿ ಹೇಳಿ ನನ್ನ ಬಾಯಿ ಸೋತೈತಿರಿ" ಅಂದಳು ಅವ್ವ.

"ಅತ್ತಿ, ಎಮ್ಮಿ ಯಾರ ಹಾಲು ಕುಡಿದು ಹಾಲು ಕೊಡತೈತ್ರಿ? ಹುಲ್ಲು ತಿಂದ ಕೊಡತೈತಿ" ಅಂದಳು ತಂಗಿ.

"ಹಂಗಾದ್ರ ನಿನಗೂ ನಾಳಿಯಿಂದ ಒಂದು ಹೊರಿ ಹುಲ್ಲು ಹಾಕಸ್ತೀನಿ."

ಎಲ್ಲರೂ ನಕ್ಕರು, ತಂಗಿಯೂ ನಕ್ಕಳು. ಆಮೇಲೆ ಅತ್ತೆ ನಗು ನಿಲ್ಲಿಸಿ ಒಂದು ಮಾತು ಹೇಳಿದಳು. "ನೋಡವಾ, ಜಗಳ ಬ್ಯಾಡ. ಬಾಣಂತನ ನಿನ್ನ ಮನಸಿನಂಗ ಆಗಲಿ. ಕೂಸಿಗೆ ನಿನ್ನ ಹಾಲು ಸಾಕಾತು, ಕೂಸು ತುಂಬಿಕೊಂತು ಅಂದ್ರ ಮುಂದ ನಾ ನಿನ್ನ ತಾಟಿನ ಮಾತಿಗೆ ಬರಾಂಗಿಲ್ಲ. ಕಡಿಮಿ ಬಿತ್ತು ಅಂದ್ರ ಮಾತ್ರ ಇಲ್ಲಿಗೆ ಬಂದು ನಾ ಕೊಟ್ಟದ್ದು ಕುಡಿಬೇಕು."

"ಆಗಲ್ರಿ" ಅಂದಳು ತಂಗಿ. ಹಾಗೆ ಅಂದು ನನ್ನ ಕಡೆ ನೋಡಿದಳು. ಬಾಣಂತನ ಮಾಡುವವಳು ನಾನಲ್ಲವೇ.

ಕೊಪ್ಪಳದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣುಕೂಸು. ಅಲ್ಲಿಯ ಡಾಕ್ಟರಮ್ಮನಿಗೆ ತಂಗಿ ಮೊದಲೇ ಎಲ್ಲ ಹೇಳಿದ್ದಳು. ಅವರು ರಕ್ತ ತಪಾಸಣೆ ಮಾಡಿಸಿ, ಗುಳಿಗೆ ಬರೆದುಕೊಟ್ಟು, ಇವನ್ನು ತಪ್ಪಿಸಬಾರದು, ಕಾಳು ಸೊಪ್ಪು ಚೆನ್ನಾಗಿ ತಿನ್ನಬೇಕು ಅಂದಿದ್ದರು. ಹಾಲು ಕುಡಿಯಲೇಬೇಕು ಅಂತ ಅವರೂ ಅನ್ನಲಿಲ್ಲ.

ನಮ್ಮ ಕಡೆ ಬಾಣಂತಿಗೆ ಅಳ್ವಿ ಪಾಯಸ ಕೊಡುತ್ತಾರೆ. ಅಳ್ವಿ ಅಂದರೆ ಸಣ್ಣ ಕೆಂಪು ಬೀಜ. ನೀರಿಗೆ ಬಿದ್ದರೆ ಲೋಳೆಯಾಗುತ್ತದೆ. ಎದೆಹಾಲು ಹೆಚ್ಚಲಿ ಅಂತ ಅದನ್ನು ಹಾಲಿನಲ್ಲಿ ಬೆಲ್ಲ ಹಾಕಿ ಕುದಿಸುತ್ತಾರೆ. ತಂಗಿ ಹಾಲಿನ ಬದಲು ಶೇಂಗಾ ಹಾಲು ಮಾಡುವುದನ್ನು ನನಗೆ ಕಲಿಸಿದಳು. ಶೇಂಗಾ ನೆನೆಸಿ, ಸಿಪ್ಪೆ ತಿಕ್ಕಿ ತೆಗೆದು, ಮಿಕ್ಸರಿಗೆ ಹಾಕಿ, ತೆಳು ಬಟ್ಟೆಯಲ್ಲಿ ಹಿಂಡಬೇಕು. ಮೊದಲ ಸಲ ಹಿಂಡಿದಾಗ ನನಗೇ ನಗು ಬಂತು. "ಇದಕ್ಕ ಒದಿಯೂದು ಇಲ್ಲ, ಮೇವು ಇಲ್ಲ, ಛಲೋ ಎಮ್ಮಿ ಕಟ್ಟೀದಿ ಬಿಡು" ಅಂದೆ. ಬಾಣಂತಿಗೆ ಕೊಡುವ ಅಂಟಿನ ಉಂಡಿಯನ್ನೂ ತುಪ್ಪ ಬಿಟ್ಟು ಕೊಬ್ಬರಿ, ಉತ್ತತ್ತಿ, ಎಣ್ಣೆ ಹಾಕಿಯೇ ಕಟ್ಟಿದೆ. ಮೊದಮೊದಲು ಎಲ್ಲವನ್ನೂ ಅವಳು ಹೇಳಿದ ಹಾಗೆಯೇ ಮಾಡಿದೆ. ಅದು ಸುಳ್ಳಲ್ಲ.

ಒಂದು ದಿನ ಕೂಸು ಮಧ್ಯಾಹ್ನವೆಲ್ಲ ಅತ್ತಿತು. ಅವ್ವ ಅಡುಗೆ ಮನೆಗೆ ಬಂದು ಮೆಲ್ಲಗೆ ಅಂದಳು. "ಅದು ಹಸಿವು. ಇಕಿ ಎದಿಯಾಗ ಏನೂ ಇಲ್ಲ. ಕೂಸಿಗೆ ಏನರ ಆದ್ರ ಗಂಗಾವತಿಯವರು ನಮ್ಮನ್ನ ಬಿಡತಾರೇನು?" ಒಲೆಯ ಮೇಲೆ ಪಾಯಸ ಇತ್ತು. ಪಕ್ಕದಲ್ಲಿ ಸಂಜೆಯ ಹಾಲು ಕಾಯುತ್ತಿತ್ತು. ನಾನು ಒಂದು ಸವಟು ಹಾಲು ತೆಗೆದು ಪಾಯಸಕ್ಕೆ ಹಾಕಿ ತಿರುವಿದೆ. ಬೆಲ್ಲದ ಬಣ್ಣದಲ್ಲಿ ಏನೂ ಗೊತ್ತಾಗಲಿಲ್ಲ. ವಾಸನೆಗೆ ಏಲಕ್ಕಿ ಇತ್ತು. ಅವ್ವ ನೋಡಿದಳು, ಹೊರಗೆ ಹೋದಳು.

ಮರುದಿನ ಕೂಸು ಚೆನ್ನಾಗಿ ಮಲಗಿತು. ಹಾಲಿನಿಂದಲೇ ಮಲಗಿತು ಅಂತ ನಾನು ನಂಬಿದೆ. ಆ ವಯಸ್ಸಿನ ಕೂಸು ಒಂದು ದಿನ ಅಳುತ್ತದೆ, ಒಂದು ದಿನ ಮಲಗುತ್ತದೆ. ಎರಡು ಹೆತ್ತ ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮಾರನೆಯ ದಿನ ಎರಡು ಸವಟು ಹಾಕಿದೆ. ಆಮೇಲೆ ಅರ್ಧಕ್ಕರ್ಧ ಆಯಿತು. ಒಂದು ಸಲ ತಂಗಿ ಬಟ್ಟಲು ಖಾಲಿ ಮಾಡಿ ಅಂದಳು, "ಪಾಯಸ ಭಾಳ ಛಲೋ ಆಗೇತಿ ಅಕ್ಕಾ. ಏನು ಹಾಕಿದಿ?"

"ಏಲಕ್ಕಿ ಜಾಸ್ತಿ ಬಿದ್ದಾವ" ಅಂದೆ.

ಕೂಸಿನ ಸಲುವಾಗಿ ಮಾಡಿದೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳಿಕೊಳ್ಳುವುದಿಲ್ಲ. ಅವಳು ಬಟ್ಟಲನ್ನು ಬಾಯಿಗೆ ಎತ್ತಿದಾಗ ನನಗೆ ಒಂದು ಥರದ ಸಮಾಧಾನ ಆಗುತ್ತಿತ್ತು. ನನ್ನ ಕೈಯ ಹಾಲು ಬೇಡ ಅಂದವಳು ಈಗ ಕುಡಿಯುತ್ತಿದ್ದಾಳೆ ಅನ್ನುವ ಸಮಾಧಾನ. ಕೂಸು ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇರುತ್ತಲೇ ಇರಲಿಲ್ಲ.

ಮೂರನೆಯ ತಿಂಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗಂಗಾವತಿಯಿಂದ ಬೀಗರು ಬಂದರು. ಅಕ್ಕಿ, ಬಾಳೆಗೊನೆ, ಕೂಸಿನ ತಲೆಗೆ ಹೊದಿಸುವ ಕುಂಚಿಗೆ, ಕಾಲಿಗೆ ಬೆಳ್ಳಿ ಕಡಗ ತಂದಿದ್ದರು. ಅತ್ತೆ ಬಂದವಳೇ ಕೈಕಾಲು ತೊಳೆದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ತೋಳು ಒತ್ತಿ, ತೊಡೆ ಒತ್ತಿ, ಗದ್ದದ ಕೆಳಗಿನ ಮಡಿಕೆ ಬಿಡಿಸಿ ನೋಡಿದಳು. ಕೂಸು ದುಂಡಗಿತ್ತು. ಹೆಸರಿಟ್ಟದ್ದಾಯಿತು, ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತೆವು. ಆಗ ಅತ್ತೆ ತಾನಾಗಿಯೇ ಬಾಯಿ ತೆಗೆದಳು.

"ಸೋತೆ ನೋಡವಾ. ಕೂಸಿಗೆ ಮೇಲಿನ ಹಾಲು ಹಾಕಿಲ್ಲ ಹೌದಿಲ್ಲೋ?"

"ಇಲ್ಲರಿ ಅತ್ತಿ. ನನ್ನ ಹಾಲ ಸಾಕಾತು" ಅಂದಳು ತಂಗಿ.

"ಮತ್ತ ನೀನೂ ಹಾಲು ಮುಟ್ಟಿಲ್ಲ?"

"ಇಲ್ಲರಿ. ಬೇಕಾದ್ರ ಅಕ್ಕನ್ನ ಕೇಳ್ರಿ. ಎಲ್ಲಾ ಅಕ್ಕನ ಮಾಡಿ ಹಾಕ್ಯಾಳ."

"ಆತು. ಇನ್ನ ನಿನ್ನ ತಾಟು ನಿನಗ, ನನ್ನ ತಾಟು ನನಗ. ನಾವು ಇಷ್ಟು ವರ್ಷ ಸುಮ್ಮನ ಎಮ್ಮಿ ಬಾಲ ಹಿಡಕೊಂಡು ಕುಂತೀವಿ ಅನಸ್ತೈತಿ ನೋಡ್ರಿ ಅಕ್ಕಾರ" ಅಂದಳು ಅತ್ತೆ, ಅವ್ವನ ಕಡೆ ತಿರುಗಿ.

ಹೆಂಗಸರು ನಕ್ಕರು. ತಂಗಿಯ ಮುಖ ಆ ಹೊತ್ತಿನಲ್ಲಿ ಹೇಗಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಮದುವೆಯಾದ ಮೇಲೆ ಅವಳು ಹಾಗೆ ಹಗುರವಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ತನ್ನ ಮನೆಯಲ್ಲಿ ತನ್ನ ತಾಟಿನ ಮುಂದೆ ಜಗಳವಿಲ್ಲದೆ ಕೂರುವುದು. ಅದು ಸಿಕ್ಕಿತ್ತು. ನಾನು ಸುಮ್ಮನಿದ್ದರೆ ಸಾಕಾಗಿತ್ತು.

ಎಮ್ಮೆ ಬಾಲದ ಮಾತು ನನ್ನನ್ನು ಚುಚ್ಚಿತು. ಆ ಬಾಲ ಹಿಡಿದವಳು ನಾನು. "ಹಾಲಿಲ್ಲದ ಹೆಂಗ ತುಂಬಿಕೊಂತೈತ್ರಿ ಕೂಸು" ಅಂದೆ. "ಅಳ್ವಿ ಪಾಯಸದಾಗ ದಿನಾ ಅರ್ಧ ನಮ್ಮ ಎಮ್ಮಿ ಹಾಲ ಐತಿ. ಅಕಿಗೆ ಗೊತ್ತಿಲ್ಲ ಅಷ್ಟ."

ಅತ್ತೆ ಮೊದಲು ನನ್ನನ್ನು ನೋಡಿದಳು. ಆಮೇಲೆ ಜೋರಾಗಿ ನಕ್ಕಳು. "ಅಬಬಬ, ದೊಡ್ಡಾಕಿ ಭಾಳ ಜಾಣಿ ಅದಾಳ. ನಾ ವರ್ಷಗಟ್ಟಲೆ ಬಡಕೊಂಡ್ರೂ ಆಗಲಿಲ್ಲ, ಇಕಿ ಸದ್ದಿಲ್ಲದ ಕುಡಿಸ್ಯಾಳ." ಮತ್ತೆ ಎಲ್ಲರೂ ನಕ್ಕರು. ಅವ್ವ ಎಲ್ಲರಿಗಿಂತ ಹೆಚ್ಚು ನಕ್ಕಳು.

ತಂಗಿ ನನ್ನನ್ನೇ ನೋಡುತ್ತಿದ್ದಳು. "ದಿನಾ?" ಅಂದಳು.

"ದಿನಾ" ಅಂದೆ.

ಅವಳು ಎದ್ದು ಒಳಗೆ ಹೋದಳು.

ನಾನು ನಿಜ ಹೇಳಿದೆ ಅಂತ ಆಮೇಲೆ ನನ್ನ ಗಂಡ ಒಂದು ಸಲ ಅಂದ. ಎಂದಾದರೂ ಗೊತ್ತಾಗಲೇಬೇಕಿತ್ತಲ್ಲ ಅಂತ. ನಾನು ಒಪ್ಪುವುದಿಲ್ಲ. ನಿಜ ಹೇಳಬೇಕಾಗಿದ್ದರೆ ಅವಳು ಏನು ಹಾಕಿದಿ ಅಂತ ಕೇಳಿದ ದಿನ ಹೇಳಬೇಕಾಗಿತ್ತು. ತೊಟ್ಟಿಲಿನ ದಿನ ನಾನು ಬಾಯಿ ತೆಗೆದದ್ದು ಗೆಲ್ಲುವುದಕ್ಕೆ.

ಬಾಣಂತಿ ಕೋಣೆಗೆ ನಾನು ಹೋದಾಗ ಅವಳು ಕೂಸಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಇನ್ನೂ ಎರಡು ತಿಂಗಳು ತವರಿನಲ್ಲಿ ಇರಬೇಕಾಗಿತ್ತು.

"ಎಲ್ಲಿಗೆ?" ಅಂದೆ.

"ಅತ್ತಿಯಾರ ಕೂಡ ಹೊಂಟೀನಿ."

"ಅಲ್ಲಿ ಹೋದ್ರ ಹಾಲ ಕುಡಸತಾರ. ಮಾತು ಕೊಟ್ಟೀದಿ."

"ಕುಡಸ್ಲಿ ಬಿಡು. ಅವರು ಹೇಳಿ ಕುಡಸತಾರ." ಕುಂಚಿಗೆ ಮಡಚುತ್ತ ಅಂದಳು, "ಎಮ್ಮಿ ಮುಂದ ತೊಗಲಿನ ಕರು ಹಿಡಿದಂಗ ನನ್ನ ಮುಂದ ಶೇಂಗಾ ಹಾಲ ಹಿಡಿದಿ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬೀಗರ ಗಾಡಿಯಲ್ಲಿ ಕೂಸನ್ನು ಎತ್ತಿಕೊಂಡು ಕೂತಳು. ಅವ್ವ ಬುತ್ತಿಗೆ ಅಂಟಿನುಂಡಿ ಕಟ್ಟಿಕೊಟ್ಟಿದ್ದಳು. ಅದು ಕಟ್ಟೆಯ ಮೇಲೆಯೇ ಉಳಿಯಿತು. ಆ ಉಂಡಿಯಲ್ಲಿ ತುಪ್ಪ ಇರಲಿಲ್ಲ. ಅದನ್ನು ಹೇಳಿದರೆ ಯಾರು ನಂಬುತ್ತಿದ್ದರು?

ಗಂಗಾವತಿಯಲ್ಲಿ ಅವಳು ಹಾಲು ಕುಡಿದಳು. ಕೂಸಿಗೆ ಕಡಿಮೆ ಬಿದ್ದಿರಲಿಲ್ಲ, ಕೊಟ್ಟ ಮಾತಿನ ಪ್ರಕಾರ ಅವಳು ಕುಡಿಯಬೇಕಾಗಿರಲಿಲ್ಲ. ಆದರೆ ತಾನು ಗೆದ್ದೆನೋ ಸೋತೆನೋ ಅಂತ ಹೇಳುವ ದಾರಿಯನ್ನೇ ನಾನು ಮುಚ್ಚಿದ್ದೆ. ಅತ್ತೆ ದಿನವೂ ಲೋಟ ತಂದು ಎದುರಿಗೆ ಇಟ್ಟು, "ಇದು ಹಾಲು, ಕುಡಿ" ಅನ್ನುತ್ತಿದ್ದಳಂತೆ. ಇವಳು ಕುಡಿಯುತ್ತಿದ್ದಳಂತೆ. ಕೂಸು ಅನ್ನ ತಿನ್ನಲು ಶುರುಮಾಡಿದ ಮೇಲೆ ಇವಳು, "ಅತ್ತಿ, ಇನ್ನ ಸಾಕು ಮಾಡ್ತೀನ್ರಿ" ಅಂದಳು. ಅತ್ತೆ ಮುಖ ಗಂಟು ಹಾಕಿದಳು, ಒಂದೆರಡು ತಿಂಗಳು ಗೊಣಗಿದಳು, ಆಮೇಲೆ ಬಿಟ್ಟಳು. ಈಗ ಮಜ್ಜಿಗೆ ಸಾರು ಮಾಡಿದ ದಿನ ಆ ಅತ್ತೆಯೇ ಸೊಸೆಗೆ ಅಂತ ಬ್ಯಾಳಿ ಸಾರು ಬೇರೆ ಕುದಿಸುತ್ತಾಳೆ. ಬಂದವರ ಮುಂದೆ, "ನಮ್ಮ ಸೊಸಿ ಹಾಲು ಮುಟ್ಟಾಂಗಿಲ್ಲ, ಮಾತಿಗೆ ಗಟ್ಟಿ ಅದಾಳ" ಅಂತ ಹೇಳಿಕೊಳ್ಳುತ್ತಾಳಂತೆ. ಎದುರಿಗೆ ನಿಂತು ಜಗಳ ಆಡಿದವರ ಜೊತೆ ಅವಳಿಗೆ ಸರಿಹೋಯಿತು. ಜಗಳ ಆಡದೆ ಇದ್ದವಳು ನಾನು.

ಒಮ್ಮೆ ನಾನೇ ಗಂಗಾವತಿಗೆ ಹೋದೆ. ತಪ್ಪಾಯಿತು ಅಂತ ಹೇಳಿಬರಬೇಕು ಅಂತಲೇ ಹೋದದ್ದು. ಕೊಪ್ಪಳದಲ್ಲಿ ಬಸ್ಸು ಬದಲಿಸುವಾಗಲೂ ಏನು ಹೇಳಬೇಕು ಅಂತ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಹೊಲದ ಹಸಿ ಶೇಂಗಾ ಒಂದು ಚೀಲ ತಂದಿದ್ದೆ. ಅವಳು ಬಾಗಿಲಲ್ಲಿ ನಗುತ್ತಲೇ ಕರೆದಳು, ನೀರು ಕೊಟ್ಟಳು. ನಾನು ಕೇಳುವ ಮೊದಲೇ ಗಟ್ಟಿ ಹಾಲು ಹಾಕಿ, ನನಗೆ ಬೇಕಾದಷ್ಟು ಸಕ್ಕರೆ ಹಾಕಿ ಚಹಾ ಮಾಡಿಕೊಟ್ಟಳು. ಅವಳ ಮನೆಯಲ್ಲಿ ನನಗೆ ಕೊಟ್ಟ ಬಟ್ಟಲಲ್ಲಿ ಏನಿದೆ ಅನ್ನುವ ಅನುಮಾನ ನನಗೆ ಬರಬೇಕಾದ ಕಾರಣವೇ ಇರಲಿಲ್ಲ. ಚಹಾ ಕುಡಿಯುತ್ತ ಅದನ್ನೇ ಯೋಚಿಸಿದೆ. ತಪ್ಪಾಯಿತು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಒಬ್ಬರಿಗೊಬ್ಬರು ಅಂದವರಲ್ಲ. ನನ್ನ ಬಾಯಿಂದ ಬಂದದ್ದು, "ಶೇಂಗಾ ಇನ್ನೂ ಹಸೀವ ಅದಾವ, ಬಿಸಲಿಗೆ ಹಾಕು, ಇಲ್ಲಾಂದ್ರ ಬೂಷ್ಟು ಬರತೈತಿ" ಅಂತ. "ಹೂಂ" ಅಂದಳು. ಸಂಜೆಯ ಹಿಂಡುವ ಹೊತ್ತಿಗೆ ಮನೆ ಮುಟ್ಟಬೇಕು ಅಂತ ಎದ್ದು ಬಂದೆ.

ತವರಿಗೆ ಬರುವುದನ್ನು ಅವಳು ಬಿಡಲಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಮಗಳನ್ನು ಕರೆದುಕೊಂಡು ಬರುತ್ತಾಳೆ. ಅವ್ವನ ಕಾಲು ಒತ್ತುತ್ತಾಳೆ, ನನ್ನ ಮಕ್ಕಳ ಅಭ್ಯಾಸ ನೋಡುತ್ತಾಳೆ, ನನ್ನ ಜೊತೆ ಬಾಯಿತುಂಬ ಮಾತಾಡುತ್ತಾಳೆ. ಆದರೆ ಊಟದ ಬುತ್ತಿ ತಾನೇ ತರುತ್ತಾಳೆ. ಖಡಕ್ ರೊಟ್ಟಿ, ಕೆಂಪು ಮೆಣಸಿನಕಾಯಿಯ ಹಿಂಡಿ, ಒಣ ಪಲ್ಯ. ಬುತ್ತಿ ಮುಗಿದರೆ ನಮ್ಮ ಮನೆಯಲ್ಲಿ ಅವಳು ತಿನ್ನುವುದು ಸಿಪ್ಪೆ ಇರುವುದನ್ನು ಮಾತ್ರ. ಬಾಳೆಹಣ್ಣು, ಸುಲಿಯದ ಶೇಂಗಾ, ಕುದಿಸಿದ ಗೆಣಸು. ತಾನೇ ಸುಲಿದು ತಿನ್ನುತ್ತಾಳೆ. ಇದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿಲ್ಲ. ನೋಡಿ ನೋಡಿ ನನಗೇ ಗೊತ್ತಾಯಿತು. ಗೊತ್ತಾದ ದಿನ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಅವ್ವ, "ತವರುಮನಿಗೆ ಬುತ್ತಿ ಕಟಗೊಂಡು ಬರೂದು ಎಲ್ಲರ ಐತೇನು" ಅಂತ ಅಂದಾಗಲೆಲ್ಲ ತಂಗಿ, "ದಾರ್ಯಾಗ ಹಸಿವಾಗತೈತಿ ಯವ್ವ" ಅನ್ನುತ್ತಾಳೆ.

ಮೊದಲು ಅವಳಿಗಾಗಿ ಬೇರೆ ಮಾಡಿಡುತ್ತಿದ್ದೆ. ಅದು ಹಾಗೇ ಉಳಿಯುತ್ತಿತ್ತು. ಕೊನೆಗೆ ಮಾಡುವುದನ್ನೇ ಬಿಟ್ಟೆ.

ಈ ಸಲದ ಪಂಚಮಿಗೂ ಅವಳು ಬಂದಿದ್ದಳು. ಪಂಚಮಿ ಅಂದರೆ ನಮ್ಮ ಕಡೆ ಉಂಡಿಯ ಹಬ್ಬ. ಎಳ್ಳುಂಡಿ, ಪುಟಾಣಿ ಉಂಡಿ, ಶೇಂಗಾ ಉಂಡಿ ಡಬ್ಬಿಗಟ್ಟಲೆ ಕಟ್ಟುತ್ತೇವೆ. ಅವಳು ಬರುವ ಹಿಂದಿನ ದಿನವೇ ಕಟ್ಟಿ ಮುಗಿಸಿದ್ದೆ. ನಾಗಪ್ಪನಿಗೆ ಹಾಲೆರೆದು ಬಂದು ಪಡಸಾಲೆಯಲ್ಲಿ ಕೂತಾಗ ತಾಟಿನಲ್ಲಿ ಉಂಡಿ ತಂದಿಟ್ಟೆ. ತಂಗಿಯ ಮಗಳು ಎರಡು ಕೈಯಲ್ಲಿ ಎರಡು ಹಿಡಿದು ಹೊರಗೆ ಓಡಿದಳು. ಆ ಹುಡುಗಿ ಹಾಲು ಕುಡಿಯುತ್ತಾಳೆ, ತಂಗಿ ಅದಕ್ಕೆ ಏನೂ ಅನ್ನುವುದಿಲ್ಲ.

"ಶೇಂಗಾ ಉಂಡಿ ಒಂದು ತಿನ್ನಬಾರದಾ?" ಅಂದಳು ಅವ್ವ. "ಶೇಂಗಾ, ಬೆಲ್ಲ, ಅಷ್ಟ ಐತಿ. ಅದಕ್ಕ ಯಾವ ಎಮ್ಮಿ ಬಂದೈತಿ?"

ಅವ್ವ ಹೀಗೆ ಅನ್ನುವುದು ಹೊಸದಲ್ಲ, ತಂಗಿ ಬೇಡ ಅನ್ನುವುದೂ ಹೊಸದಲ್ಲ. ಆದರೆ ಆ ದಿನ ಅವಳು ಕೈ ಚಾಚಿ ಒಂದು ಉಂಡಿ ತೆಗೆದುಕೊಂಡಳು. ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು.

"ಅಕ್ಕಾ, ಕಟ್ಟುವಾಗ ಕೈಗೆ ಏನು ಸವರಿಕೊಂಡಿದ್ದಿ?"

ಬಿಸಿ ಬೆಲ್ಲದ ಪಾಕ ಅಂಗೈಗೆ ಹತ್ತಬಾರದು ಅಂತ ಉಂಡಿ ಕಟ್ಟುವಾಗ ಕೈಗೆ ಜಿಡ್ಡು ಸವರಿಕೊಳ್ಳುತ್ತೇವೆ. ಕೆಲವರು ಎಣ್ಣೆ ಸವರುತ್ತಾರೆ. ನಮ್ಮ ಮನೆಯಲ್ಲಿ ತುಪ್ಪಕ್ಕೆ ಬರವಿಲ್ಲ, ನನ್ನ ಕೈ ಯಾವಾಗಲೂ ತುಪ್ಪದ ಬಟ್ಟಲಿಗೇ ಹೋಗುತ್ತದೆ. ಆ ದಿನವೂ ಹೋಗಿತ್ತು. ಅವಳು ತಿನ್ನುತ್ತಾಳೆ ಅಂತ ಗೊತ್ತಿದ್ದರೆ ಹೋಗುತ್ತಿರಲಿಲ್ಲ.

"ಎಣ್ಣಿ" ಅಂದಳು ಅವ್ವ, ನಾನು ಬಾಯಿ ತೆಗೆಯುವ ಮೊದಲೇ.

ತಂಗಿ ಅವ್ವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ನಾನು ಕಟ್ಟಿದ್ದು ಅವಳ ಕೈಯಲ್ಲಿತ್ತು. ಹೂಂ ಅಂದಿದ್ದರೆ ತಿನ್ನುತ್ತಿದ್ದಳು. ಅಂಗೈಗೆ ಸವರಿದ ತುಪ್ಪ ಒಂದು ಉಂಡಿಗೆ ಎಷ್ಟು ಹತ್ತಿರುತ್ತದೆ? ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

"ತುಪ್ಪ" ಅಂದೆ.

ಅವಳು ಉಂಡಿಯನ್ನು ತಾಟಿನಲ್ಲಿ ಇಟ್ಟಳು. ಅವ್ವ, "ನಿನಗ ಬಾಯಿ ಮುಚ್ಚಕೊಂಡು ಇರಾಕ ಬರೂದಿಲ್ಲ" ಅಂತ ನನ್ನನ್ನು ಬೈದು ಎದ್ದು ಹೋದಳು. ತಂಗಿ ಬೆರಳು ತೊಳೆದುಕೊಂಡು ಬಂದು ಮತ್ತೆ ಅಲ್ಲೇ ಕೂತಳು. ಹೊರಗೆ ಮಕ್ಕಳು ಜೋಕಾಲಿಗೆ ಜಗಳವಾಡುತ್ತಿದ್ದರು.

"ಮುಂದಿನ ಸಲ ಎಣ್ಣಿ ಸವರಿಕೊಂಡು ಕಟ್ಟು" ಅಂದಳು.

"ಹೂಂ" ಅಂದೆ.

ಆ ದಿನ ಅವಳು ಉಂಡದ್ದು ತಾನು ತಂದ ಬುತ್ತಿಯನ್ನೇ. ನಾನು ಅವಳ ಪಕ್ಕದಲ್ಲಿ ಕೂತು ನನ್ನ ತಾಟಿನ ರೊಟ್ಟಿ ತಿಂದೆ.